ಅರ್ಥಶಾಸ್ತ್ರದ ಪಾಠಕ್ಕೆ ಶಿಕ್ಷಕರ ಕೈಪಿಡಿ ಬೇಕು

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯ ಸಮಾಜ ವಿಜ್ಞಾನ ಪಠ್ಯದಲ್ಲಿರುವ ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನದ ಅಧ್ಯಾಯಗಳನ್ನು ಬೋಧಿಸುವ ಶಿಕ್ಷಕರ ತೊಂದರೆಯೊಂದನ್ನು ಶಾಲಾ ಶಿಕ್ಷಣ ಇಲಾಖೆಯ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ದಕ್ಷಿಣ ಬೆಂಗಳೂರಿನ ಅನುದಾನಿತ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ಅದೇ ಆವರಣದಲ್ಲಿ ಪ್ರೌಢಶಾಲೆಯೂ ಇರುವುದರಿಂದ, ಅಲ್ಲಿನ ಸಮಾಜ ವಿಜ್ಞಾನ ಶಿಕ್ಷಕರು ಪಾಠದ ಹಿಂದಿನ ದಿನ ಪುಸ್ತಕ ಹಿಡಿದು ಬಂದು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ನನ್ನ ಕೆಲಸದ ಭಾಗವೇ ಆಗಿಹೋಗಿದೆ. ಆ ಪ್ರಶ್ನೆಗಳು ಅಜ್ಞಾನದಿಂದ ಹುಟ್ಟಿದವಲ್ಲ. ಪುಸ್ತಕವನ್ನು ಎಚ್ಚರದಿಂದ ಓದುವವರಿಗೆ ಮಾತ್ರ ಅಂಥ ಪ್ರಶ್ನೆಗಳು ಏಳುತ್ತವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನವೆಂದರೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಸೇರಿದ ಒಂದೇ ವಿಷಯ, ಸಾಮಾನ್ಯವಾಗಿ ಒಬ್ಬರೇ ಶಿಕ್ಷಕರು. ಪದವಿಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಮತ್ತು ಐಚ್ಛಿಕ ಕನ್ನಡ ಓದಿ, ಬಿ.ಇಡಿ. ಮುಗಿಸಿ ಬಂದವರು ಬೆಳಗಿನ ಅವಧಿಯಲ್ಲಿ 1857ರ ದಂಗೆಯನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿ, ಮಧ್ಯಾಹ್ನ ಅದೇ ಮಕ್ಕಳ ಮುಂದೆ ನಿಂತು ಹಣದ ಪೂರೈಕೆ, ರಾಜಸ್ವ ಕೊರತೆ, ಮಾನವ ಅಭಿವೃದ್ಧಿ ಸೂಚ್ಯಂಕಗಳ ಬಗ್ಗೆ ಮಾತನಾಡಬೇಕಾಗುತ್ತದೆ. ಇತಿಹಾಸದ ಪಾಠಕ್ಕೆ ಅವರ ಬೆನ್ನಿಗೆ ಮೂರು ವರ್ಷಗಳ ಓದು ಇದೆ. ಅರ್ಥಶಾಸ್ತ್ರದ ಪಾಠಕ್ಕೆ ಇರುವುದು ಮಕ್ಕಳ ಕೈಯಲ್ಲಿರುವ ಪುಸ್ತಕವೊಂದೇ.

ಹತ್ತನೇ ತರಗತಿಯ ‘ಸಾರ್ವಜನಿಕ ಹಣಕಾಸು ಮತ್ತು ಆಯವ್ಯಯ’ ಅಧ್ಯಾಯವನ್ನೇ ತೆಗೆದುಕೊಳ್ಳಿ. ವಿತ್ತೀಯ ಕೊರತೆಯ, ಅಂದರೆ ಸಾಲ ಬಿಟ್ಟು ಸರ್ಕಾರಕ್ಕೆ ಬರುವ ಹಣಕ್ಕಿಂತ ಅದರ ವೆಚ್ಚ ಎಷ್ಟು ಹೆಚ್ಚು ಎಂಬುದರ ವ್ಯಾಖ್ಯೆಯನ್ನು ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಪತ್ರಿಕೆ ಓದುವ ಅಭ್ಯಾಸವಿದ್ದ ಹುಡುಗನೊಬ್ಬ, 2025-26ರ ರಾಜ್ಯ ಬಜೆಟ್ಟಿನಲ್ಲಿ ಒಟ್ಟು ಜಮೆ ₹4,08,647 ಕೋಟಿ, ಒಟ್ಟು ವೆಚ್ಚ ₹4,09,549 ಕೋಟಿ ಎಂದಿದೆ, ಕಳೆದರೆ ₹902 ಕೋಟಿ ಮಾತ್ರ ಉಳಿಯುತ್ತದೆ, ಹಾಗಿದ್ದ ಮೇಲೆ ವಿತ್ತೀಯ ಕೊರತೆ ₹90,428 ಕೋಟಿ ಎಂದು ಬರೆದಿರುವುದು ಅಚ್ಚಿನ ತಪ್ಪೇ ಎಂದು ಕೇಳಿದ. ನನ್ನ ಸಹೋದ್ಯೋಗಿ ಆ ಪ್ರಶ್ನೆಯನ್ನು ನನ್ನ ಬಳಿಗೆ ತಂದರು. ಇಬ್ಬರೂ ಕುಳಿತು ಬಜೆಟ್ ಸಾರಾಂಶವನ್ನು ಬಿಡಿಸಿ ನೋಡಿದೆವು. ಒಟ್ಟು ಜಮೆಯಲ್ಲಿ ಸರ್ಕಾರ ಆ ವರ್ಷ ತರಲಿರುವ ₹1,16,000 ಕೋಟಿ ಸಾಲವೂ ಸೇರಿದೆ. ಕೈಸಾಲ ತಂದದ್ದನ್ನೂ ತಿಂಗಳ ಸಂಬಳದ ಜೊತೆಗೇ ‘ಬಂದ ಹಣ’ ಎಂದು ಬರೆದುಕೊಂಡ ಮನೆಯ ಲೆಕ್ಕದ ಹಾಗೆ. ಸಾಲವನ್ನು ತೆಗೆದರೆ ಉಳಿಯುವುದು ತೆರಿಗೆ, ಶುಲ್ಕಗಳಂಥ ವರಮಾನವಾದ ರಾಜಸ್ವ ಜಮೆ ₹2,92,477 ಕೋಟಿ ಮತ್ತು ಸಾಲವಲ್ಲದ ಬಂಡವಾಳ ಜಮೆ ₹170 ಕೋಟಿ, ಒಟ್ಟು ₹2,92,647 ಕೋಟಿ. ವೆಚ್ಚದ ಕಡೆಯಲ್ಲೂ ಹಳೆಯ ಸಾಲದ ಅಸಲು ತೀರಿಸಲು ಇಟ್ಟ ₹26,474 ಕೋಟಿಯನ್ನು ಬಿಟ್ಟರೆ ನಿಲ್ಲುವುದು ₹3,83,075 ಕೋಟಿ. ಇವೆರಡರ ವ್ಯತ್ಯಾಸವೇ ಆ ₹90,428 ಕೋಟಿ. ಇದು ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 2.95ರಷ್ಟು ಎಂದೂ, ಕರ್ನಾಟಕ 2002ರಲ್ಲಿ ದೇಶದ ಬೇರೆಲ್ಲ ರಾಜ್ಯಗಳಿಗಿಂತ ಮೊದಲು ತಂದ ವಿತ್ತೀಯ ಹೊಣೆಗಾರಿಕೆ ಅಧಿನಿಯಮದ ಪ್ರಕಾರ ಅದು ಶೇ 3ರೊಳಗೆ ಇರಬೇಕೆಂದೂ ಮರುದಿನ ತರಗತಿಯಲ್ಲಿ ಹೇಳಿದಾಗ, ಬರಿಯ ವ್ಯಾಖ್ಯೆಯಾಗಿದ್ದ ಪಾಠಕ್ಕೆ ಮೊದಲ ಬಾರಿಗೆ ಅರ್ಥ ಬಂತು ಎಂದು ಆ ಶಿಕ್ಷಕರು ಹೇಳಿದರು.

ಇದರಲ್ಲಿ ಕೂಡು, ಕಳೆ ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಯಾವ ಅಂಕಿಯನ್ನು ಎಲ್ಲಿಂದ ತೆಗೆದು ಎಲ್ಲಿಡಬೇಕು ಎಂಬುದನ್ನು ಒಬ್ಬರು ಒಮ್ಮೆ ತೋರಿಸಿಕೊಟ್ಟರೆ ಸಾಕಿತ್ತು. ಆದರೆ ಒಂದೇ ಆವರಣದಲ್ಲಿ ಪಿಯು ಕಾಲೇಜಿಲ್ಲದ, ಹಾಗೆ ಬಂದು ಕೇಳಲು ಯಾರೂ ಸಿಗದ ಶಾಲೆಗಳೇ ಹೆಚ್ಚು. ಅಲ್ಲಿನ ಶಿಕ್ಷಕರು ಗೈಡ್ ಪುಸ್ತಕ ನೋಡುತ್ತಾರೆ. ಗೈಡಿನಲ್ಲಿ ಪಠ್ಯಪುಸ್ತಕದ ವಾಕ್ಯವನ್ನೇ ಇನ್ನಷ್ಟು ಮೊಟಕುಗೊಳಿಸಿ ಬರೆದಿರುತ್ತಾರೆ. ಮೊಬೈಲಿನಲ್ಲಿ ಹುಡುಕುತ್ತಾರೆ, ಸಿಗುವ ವಿವರಣೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ಮಾಡಿದ್ದಾಗಿರುತ್ತದೆ, ಹದಿನೈದು ವರ್ಷದ ಮಗುವಿಗೆ ಹೇಳುವಂಥದ್ದಲ್ಲ.

ಅರ್ಥಶಾಸ್ತ್ರ ಓದಿಯೇ ಬಂದವರು ಇದರಿಂದ ಪಾರಾಗಿದ್ದಾರೆ ಎಂದೂ ತಿಳಿಯಬೇಕಾಗಿಲ್ಲ. 2015ರ ಜನವರಿಯಲ್ಲಿ ರಾಷ್ಟ್ರೀಯ ವರಮಾನದ ಲೆಕ್ಕಕ್ಕೆ 2011-12 ಅನ್ನು ಆಧಾರ ವರ್ಷವಾಗಿ ಮಾಡಿಕೊಂಡಾಗ, ಉತ್ಪಾದನಾಂಗ ವೆಚ್ಚದಲ್ಲಿ ಜಿಡಿಪಿಯನ್ನು, ಅಂದರೆ ಒಟ್ಟು ಆಂತರಿಕ ಉತ್ಪನ್ನವನ್ನು, ಪ್ರಕಟಿಸುವ ಪದ್ಧತಿ ನಿಂತು, ಮೂಲ ಬೆಲೆಗಳಲ್ಲಿ ಒಟ್ಟು ಮೌಲ್ಯವರ್ಧನೆ, ಅಂದರೆ ಜಿವಿಎ, ಅದರ ಜಾಗಕ್ಕೆ ಬಂತು. ಅದಕ್ಕೂ ಮೊದಲು ಎಂ.ಎ. ಮಾಡಿದ ನನ್ನಂಥವರ ನೋಟ್ಸಿನಲ್ಲಿ ಈ ‘ಮೂಲ ಬೆಲೆ’ ಇರಲೇ ಇಲ್ಲ. ದ್ವಿತೀಯ ಪಿಯುಸಿ ಪಠ್ಯದಲ್ಲಿ ಉತ್ಪಾದನೆಯ ಮೇಲಿನ ತೆರಿಗೆ, ಉತ್ಪನ್ನದ ಮೇಲಿನ ತೆರಿಗೆ ಎಂಬ ಎರಡು ಮಾತುಗಳು ಅಕ್ಕಪಕ್ಕ ಬಂದಾಗ ಇವು ಒಂದೇ ಅಲ್ಲವೇ ಎಂದು ಉಪನ್ಯಾಸಕರೇ ಕೇಳಿದ್ದುಂಟು.

ನಾನು ಇದನ್ನು ದರ್ಶಿನಿಯೊಂದರ ಲೆಕ್ಕದಿಂದ ವಿವರಿಸುತ್ತೇನೆ. ಅಂಕಿಗಳು ಕಲ್ಪಿತ, ಕ್ರಮ ಮಾತ್ರ ನಿಜ. ದರ್ಶಿನಿಯ ತಿಂಗಳ ವ್ಯಾಪಾರ ತೆರಿಗೆ ಬಿಟ್ಟು ₹10 ಲಕ್ಷ. ಅಕ್ಕಿ, ಉದ್ದಿನಬೇಳೆ, ತರಕಾರಿ, ಗ್ಯಾಸು, ಕರೆಂಟಿಗೆ ಕೊಟ್ಟದ್ದು ₹6 ಲಕ್ಷ. ಉಳಿದ ₹4 ಲಕ್ಷ ಆ ಅಂಗಡಿ ಸೇರಿಸಿದ ಮೌಲ್ಯ. ಮಾಲೀಕರು ಪಾಲಿಕೆಗೆ ಕಟ್ಟುವ ಉದ್ದಿಮೆ ಪರವಾನಗಿ ಶುಲ್ಕ ತಿಂಗಳಿಗೆ ₹500 ಬೀಳುತ್ತದೆ ಎಂದಿಟ್ಟುಕೊಳ್ಳಿ. ಆ ದಿನ ನೂರು ಇಡ್ಲಿ ಹೋದರೂ ಸಾವಿರ ಹೋದರೂ ಅದು ಬದಲಾಗುವುದಿಲ್ಲ. ಅಂಗಡಿ ತೆರೆದದ್ದಕ್ಕೇ ಕಟ್ಟಬೇಕಾದ ಅದು ಉತ್ಪಾದನೆಯ ಮೇಲಿನ ತೆರಿಗೆಯ ಸಾಲಿಗೆ ಸೇರುತ್ತದೆ. ಪ್ರತಿ ತಟ್ಟೆಯ ಬಿಲ್ಲಿಗೂ ಅಂಟಿಕೊಂಡು ಬರುವ ಶೇ 5 ಜಿಎಸ್‌ಟಿ, ಅಂದರೆ ತಿಂಗಳಿಗೆ ₹50 ಸಾವಿರ, ಉತ್ಪನ್ನದ ಮೇಲಿನ ತೆರಿಗೆ. ಕೂಲಿ, ಬಾಡಿಗೆ, ಬಡ್ಡಿ, ಲಾಭವಾಗಿ ಹಂಚಿಹೋಗುವ ₹3,99,500 ಉತ್ಪಾದನಾಂಗ ವೆಚ್ಚದ ಲೆಕ್ಕ. ಪರವಾನಗಿ ಶುಲ್ಕ ಸೇರಿದ ₹4,00,000 ಮೂಲ ಬೆಲೆಯ ಲೆಕ್ಕ. ಜಿಎಸ್‌ಟಿಯೂ ಸೇರಿದ ₹4,50,000 ಮಾರುಕಟ್ಟೆ ಬೆಲೆಯ ಲೆಕ್ಕ. ಸಹಾಯಧನವನ್ನು ಇದೇ ರೀತಿ ವಿಂಗಡಿಸಿ, ಕೂಡುವ ಬದಲು ಕಳೆಯಬೇಕು. ಹಾಲು ಉತ್ಪಾದಕರಿಗೆ ರಾಜ್ಯ ಸರ್ಕಾರ ಲೀಟರಿಗೆ ₹5ರಂತೆ ಕೊಡುವ ಪ್ರೋತ್ಸಾಹಧನ ಲೀಟರಿನ ಲೆಕ್ಕದಲ್ಲಿ ಸಿಗುವುದರಿಂದ ಅದು ಉತ್ಪನ್ನದ ಸಹಾಯಧನ. ಒಂದು ಅವಧಿಯಲ್ಲಿ ಮುಗಿಯುವ ಪಾಠ ಇದು. ಇದನ್ನು ಪ್ರತಿಯೊಬ್ಬ ಶಿಕ್ಷಕರೂ ತಾವೇ ಹೊಸದಾಗಿ ಕಟ್ಟಿಕೊಳ್ಳಬೇಕಾದ ಅಗತ್ಯವಾದರೂ ಏನು?

ಇನ್ನು ಉದಾಹರಣೆಗಳ ಮಾತು. ಗ್ರಾಹಕರ ಆದಾಯ ಹೆಚ್ಚಿದಾಗ ಬೇಡಿಕೆ ಇಳಿಯುವ ‘ಕೆಳದರ್ಜೆ ಸರಕು’ಗಳಿಗೆ ಎನ್‌ಸಿಇಆರ್‌ಟಿ ಪಠ್ಯ ಒರಟು ಧಾನ್ಯಗಳನ್ನು ಉದಾಹರಣೆಯಾಗಿ ಕೊಡುತ್ತದೆ. ಬೆಂಗಳೂರಿನ ತರಗತಿಯಲ್ಲಿ ಒರಟು ಧಾನ್ಯವೆಂದರೆ ರಾಗಿಯೇ. ಮನೆಯಲ್ಲಿ ದಿನವೂ ಮುದ್ದೆ ಉಣ್ಣುವ ರಾಮನಗರ, ಮಾಗಡಿ, ಕನಕಪುರ ಕಡೆಯ ಮಕ್ಕಳ ಎದುರು ರಾಗಿಯನ್ನು ಕೆಳದರ್ಜೆಯದು ಎಂದು ಹೇಳಿ ಮುಂದಕ್ಕೆ ಹೋಗಲು ಯಾವ ಶಿಕ್ಷಕರಿಗೂ ಮನಸ್ಸು ಬರುವುದಿಲ್ಲ, ಬರಲೂಬಾರದು. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಪ್ರಕಟಿಸಿದ ಕನಿಷ್ಠ ಬೆಂಬಲ ಬೆಲೆಯಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ ₹2,369 ಇದ್ದರೆ ರಾಗಿಗೆ ₹4,886 ಇತ್ತು. ಜಯನಗರ, ಮಲ್ಲೇಶ್ವರದ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಮಾಲ್ಟುಗಳನ್ನು ಕೊಳ್ಳುವವರು ಬಡವರಲ್ಲ. ಹಾಗಾದರೆ ಪಠ್ಯ ತಪ್ಪೇ? ತಪ್ಪಲ್ಲ. ಯಾವ ಸರಕೂ ತನ್ನ ಗುಣದಿಂದ ಈ ವರ್ಗಕ್ಕೆ ಸೇರುವುದಿಲ್ಲ; ಯಾರ ಆದಾಯ, ಯಾವ ಕಾಲ, ಯಾವ ಊರು ಎಂಬುದರ ಮೇಲೆ ಅದು ನಿಲ್ಲುತ್ತದೆ. ಅನ್ನಕ್ಕೆ ದುಡ್ಡಿಲ್ಲದೆ ಮುದ್ದೆ ಉಣ್ಣುತ್ತಿದ್ದ ತಲೆಮಾರಿನ ಮನೆಗಳಲ್ಲಿ ಕೈಗೆ ನಾಲ್ಕು ಕಾಸು ಬಂದೊಡನೆ ರಾಗಿ ಕಡಿಮೆಯಾಗಿ ಅಕ್ಕಿ ಹೆಚ್ಚಾದದ್ದು ನಿಜ; ಅವರ ಮೊಮ್ಮಕ್ಕಳು ಐಟಿ ಸಂಬಳದಲ್ಲಿ ಮತ್ತೆ ರಾಗಿ ಕೊಳ್ಳುತ್ತಿರುವುದೂ ನಿಜ. ಈ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಮಕ್ಕಳು ತಮ್ಮ ಅಜ್ಜಿಯರನ್ನು ಕೇಳಿಕೊಂಡು ಬರುವಂತೆ ಮಾಡಿದರೆ ವ್ಯಾಖ್ಯೆಯನ್ನು ಉರು ಹೊಡೆಸಬೇಕಾಗಿಲ್ಲ. ಪಠ್ಯವು ದೇಶಕ್ಕೆಲ್ಲ ಒಂದೇ ಉದಾಹರಣೆ ಕೊಟ್ಟಾಗ ಅದನ್ನು ನಮ್ಮ ನೆಲಕ್ಕೆ ಹೊಂದಿಸುವ ಹೊಣೆ ಶಿಕ್ಷಕರ ಮೇಲೆ ಬೀಳುತ್ತದೆ. ಹೊಂದಿಸುವ ಮೊದಲು ಪರಿಕಲ್ಪನೆ ಅವರಿಗೆ ಗಟ್ಟಿಯಾಗಿ ಗೊತ್ತಿರಬೇಕಷ್ಟೆ.

ಇಷ್ಟು ಕಷ್ಟವಿದ್ದರೆ ಇಂಥ ಪದಗಳನ್ನೇ ಪಠ್ಯದಿಂದ ಕೈಬಿಡಬಹುದಲ್ಲ ಎಂಬ ಸಲಹೆಯನ್ನು ಶಿಕ್ಷಕರ ಸಭೆಗಳಲ್ಲಿ ಕೇಳಿದ್ದೇನೆ. ಇದನ್ನು ನಾನು ಒಪ್ಪುವುದಿಲ್ಲ. 2025ರ ಜುಲೈಯಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ, ಯುಪಿಐ ಮೂಲಕ ಬಂದ ಹಣದ ಮಾಹಿತಿಯ ಆಧಾರದಲ್ಲಿ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್‌ಗಳು ಬಂದವು. ಕಾಂಡಿಮೆಂಟ್ಸ್ ಅಂಗಡಿ, ಬೇಕರಿ, ಟೀ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ತೂಗಾಡಿದವು. ಆ ಅಂಗಡಿಗಳವರ ಮಕ್ಕಳು ನಮ್ಮ ಶಾಲೆಗಳಲ್ಲೇ ಓದುತ್ತಾರೆ. ‘ನಮ್ಮಪ್ಪನಿಗೆ ಅಷ್ಟೊಂದು ಆದಾಯವೇ ಇಲ್ಲ ಮಿಸ್, ಆದರೂ ನೋಟಿಸ್ ಹೇಗೆ ಬಂತು?’ ಎಂದು ಒಂಬತ್ತನೇ ತರಗತಿಯ ಹುಡುಗಿ ಕೇಳಿದಾಗ, ವಹಿವಾಟು ಬೇರೆ, ಆದಾಯ ಬೇರೆ, ಲಾಭ ಬೇರೆ ಎಂದು ಬಿಡಿಸಿ ಹೇಳುವುದು ಶಿಕ್ಷಕರ ಕೈಲಾಗಬೇಕು. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷ ಎಂಬ ಜಿಎಸ್‌ಟಿ ನೋಂದಣಿ ಮಿತಿ ವಹಿವಾಟಿನ ಮೇಲೆ ನಿಂತಿದೆ, ಕೈಗೆ ಉಳಿದ ಲಾಭದ ಮೇಲಲ್ಲ. ತರಕಾರಿ, ಹಾಲಿನಂಥ ತೆರಿಗೆ ಇಲ್ಲದ ಸರಕುಗಳನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಾಗಿಲ್ಲ. ಯುಪಿಐಯಲ್ಲಿ ಬಂದದ್ದೆಲ್ಲ ವ್ಯಾಪಾರದ ಹಣವೂ ಆಗಿರಬೇಕೆಂದಿಲ್ಲ. ಇವು ಪರೀಕ್ಷೆಗೆ ಬಾರದೆ ಇರಬಹುದು, ಆದರೆ ಆ ಹುಡುಗಿಯ ಮನೆಗೆ ಬಂದಿವೆ. ಹಾಗೆ ನೋಡಿದರೆ ಯುಪಿಐಯಲ್ಲಿ ಕೊಟ್ಟ ದುಡ್ಡು ಹೊಸ ಬಗೆಯ ಹಣವೇ ಎಂಬ ಪ್ರಶ್ನೆಯೂ ‘ಹಣ ಮತ್ತು ಸಾಲ’ದ ಪಾಠದಲ್ಲಿ ತಪ್ಪದೆ ಏಳುತ್ತದೆ. ಅದು ಒಬ್ಬರ ಬ್ಯಾಂಕ್ ಖಾತೆಯ ಠೇವಣಿ ಇನ್ನೊಬ್ಬರ ಖಾತೆಗೆ ಹೋಗುವ ದಾರಿಯೇ ಹೊರತು ಹೊಸ ಹಣವಲ್ಲ ಎಂದು ಎರಡು ಮಾತಿನಲ್ಲಿ ಹೇಳಬಹುದು, ಹೇಳುವವರಿಗೆ ಗೊತ್ತಿದ್ದರೆ.

ಅಚ್ಚಾದ ಪುಸ್ತಕ ಎಷ್ಟು ಬೇಗ ಹಳತಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಶೇ 5, 12, 18, 28 ಎಂಬ ನಾಲ್ಕು ದರಗಳಿವೆ ಎಂದು ಕಲಿಸುತ್ತಿದ್ದೆವು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಸರಕು ಮತ್ತು ಸೇವೆಗಳು ಶೇ 5 ಮತ್ತು 18ರೊಳಗೆ ಬಂದು, ಆಯ್ದ ಕೆಲವಕ್ಕೆ ಶೇ 40ರ ದರ ಬಂತು. ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯಾದ ರೆಪೊ ದರವನ್ನು ರಿಸರ್ವ್ ಬ್ಯಾಂಕು 2025ರ ಫೆಬ್ರವರಿಯಲ್ಲಿ ಶೇ 6.50ರಿಂದ 6.25ಕ್ಕೆ ಇಳಿಸಿತು, ಜೂನ್ ವೇಳೆಗೆ ಅದು 5.50 ಆಗಿತ್ತು. ಅದೇ ವರ್ಷ, ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ಪಾಲು, ಅಂದರೆ ನಗದು ಮೀಸಲು ಅನುಪಾತ, ಹಂತಹಂತವಾಗಿ ಶೇ 4ರಿಂದ 3ಕ್ಕೆ ಇಳಿಯಿತು. ಕೇಂದ್ರ ಬಜೆಟ್ಟಿನಲ್ಲಿ ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ವಿಂಗಡಣೆ 2017-18ರಲ್ಲೇ ಹೋಯಿತಾದರೂ ಹಳೆಯ ಪ್ರಶ್ನೆಪತ್ರಿಕೆಗಳನ್ನು ನೆಚ್ಚಿಕೊಂಡ ನೋಟ್ಸುಗಳಲ್ಲಿ ಅದು ಇನ್ನೂ ಆರಾಮಾಗಿ ಇದೆ. ಇದಕ್ಕೆ ಪಠ್ಯಪುಸ್ತಕ ಬರೆದವರನ್ನು ದೂರಿ ಫಲವಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಬದಲಾಗುವ ದರವನ್ನು ಹಲವು ವರ್ಷ ಬಾಳುವ ಪುಸ್ತಕದಲ್ಲಿ ಹಿಡಿದಿಡಲು ಯಾರಿಂದಲೂ ಆಗದು.

ಪ್ರೌಢಶಾಲೆಗೊಬ್ಬ ಅರ್ಥಶಾಸ್ತ್ರ ಶಿಕ್ಷಕರನ್ನು ನೇಮಿಸಿ ಎಂದು ನಾನು ಕೇಳುತ್ತಿಲ್ಲ. ಇರುವ ಅಧ್ಯಾಯಗಳಿಗೆ ಅಷ್ಟು ಕಾರ್ಯಭಾರ ಹುಟ್ಟುವುದಿಲ್ಲ, ಖಾಲಿ ಹುದ್ದೆಗಳ ಕಥೆ ಎಲ್ಲರಿಗೂ ಗೊತ್ತಿದೆ. ಬೇಕಾಗಿರುವುದು ಶಿಕ್ಷಕರಿಗಾಗಿಯೇ ಬರೆದ, ಪ್ರತಿ ವರ್ಷ ತಿದ್ದಿ ಹೊರಡಿಸುವ ಒಂದು ಕೈಪಿಡಿ. ಅದು ಪದಕೋಶವಾಗಬಾರದು, ಪದದ ಮುಂದೆ ಇನ್ನೊಂದು ಪದ ಬರೆದಿಟ್ಟರೆ ತರಗತಿಯಲ್ಲಿ ಏನೂ ಉಪಯೋಗವಿಲ್ಲ. ಪರಿಕಲ್ಪನೆಯೊಂದಕ್ಕೆ ಒಂದು ಪುಟ ಇರಲಿ: ಕರ್ನಾಟಕದ ಅಂಕಿಗಳಿಂದ ಬಿಡಿಸಿದ ಒಂದು ಲೆಕ್ಕ, ಮಕ್ಕಳು ಸಾಮಾನ್ಯವಾಗಿ ಕೇಳುವ ಎಡವಟ್ಟು ಪ್ರಶ್ನೆ ಮತ್ತು ಅದಕ್ಕೆ ಉತ್ತರ, ಆ ವರ್ಷ ಬದಲಾದ ದರ ಅಥವಾ ಮಿತಿ. ಇಷ್ಟಿದ್ದರೆ ಸಾಕು.

ಇದನ್ನು ಸಿದ್ಧಪಡಿಸಬಲ್ಲವರು ಬೇರೆಲ್ಲೂ ಇಲ್ಲ, ಈ ಊರಿನಲ್ಲೇ ಇದ್ದಾರೆ. ನಾಗರಬಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು, ಜನ ಐಸೆಕ್ ಎಂದು ಕರೆಯುವುದನ್ನು, 1972ರಲ್ಲಿ ಸ್ಥಾಪಿಸಿದವರು ಡಾ. ವಿ.ಕೆ.ಆರ್.ವಿ. ರಾವ್, ಬ್ರಿಟಿಷರ ಕಾಲದಲ್ಲೇ ಭಾರತದ ರಾಷ್ಟ್ರೀಯ ವರಮಾನವನ್ನು ಶಾಸ್ತ್ರೀಯವಾಗಿ ಅಂದಾಜು ಮಾಡಿದವರು ಅವರು. ರಾಜ್ಯದ ಆಂತರಿಕ ಉತ್ಪನ್ನದ ಲೆಕ್ಕ ಹಾಕುವ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ವಿಧಾನಸೌಧದ ಹತ್ತಿರ ಬಹುಮಹಡಿ ಕಟ್ಟಡದಲ್ಲಿದೆ. ರಿಸರ್ವ್ ಬ್ಯಾಂಕಿನ ಪ್ರಾದೇಶಿಕ ಕಚೇರಿ ನೃಪತುಂಗ ರಸ್ತೆಯಲ್ಲಿದೆ. ಶಿಕ್ಷಕರ ತರಬೇತಿಯ ಹೊಣೆ ಹೊತ್ತ ಡಿಎಸ್‌ಇಆರ್‌ಟಿ ಬನಶಂಕರಿಯಲ್ಲಿದೆ. ಒಂದೇ ಬಸ್ ಪಾಸಿನಲ್ಲಿ ಸುತ್ತಿ ಬರಬಹುದಾದ ಈ ಕಚೇರಿಗಳು ಒಂದು ಮೇಜಿನ ಸುತ್ತ ಕುಳಿತರೆ ಕೆಲಸ ಕೂಡಿಬರುತ್ತದೆ. ಪ್ರೌಢಶಾಲೆಯಲ್ಲಿ ನಿಜವಾಗಿ ಪಾಠ ಮಾಡುವವರೂ ಆ ಮೇಜಿನಲ್ಲಿ ಇರಬೇಕು ಎಂಬುದು ನನ್ನ ಏಕೈಕ ಷರತ್ತು. ತಜ್ಞರು ಮಾತ್ರ ಸೇರಿ ಬರೆದರೆ ಮತ್ತೊಂದು ಪಠ್ಯಪುಸ್ತಕ ತಯಾರಾಗುತ್ತದೆ.

ಸಮಯದ ದೃಷ್ಟಿಯಿಂದಲೂ ಇದು ಸುಲಭ. ರಾಜ್ಯ ಬಜೆಟ್ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಮಂಡನೆಯಾಗುತ್ತದೆ, ಅದರ ಆಸುಪಾಸಿನಲ್ಲೇ ಆರ್ಥಿಕ ಸಮೀಕ್ಷೆಯೂ ಹೊರಬರುತ್ತದೆ, ಶಾಲೆಗಳು ತೆರೆಯುವುದು ಮೇ ಕೊನೆಗೆ. ನಡುವಿನ ಎರಡು ತಿಂಗಳಲ್ಲಿ ಕೈಪಿಡಿಯ ಅಂಕಿಗಳನ್ನು ತಿದ್ದಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳ ಮೂಲಕ ಶಾಲೆಗಳಿಗೆ ಕಳುಹಿಸಿ, ಜೂನ್ ಮೊದಲ ವಾರದಲ್ಲಿ ತಾಲ್ಲೂಕಿಗೆ ಒಂದರಂತೆ ಒಂದು ದಿನದ ಕಾರ್ಯಾಗಾರ ನಡೆಸಬಹುದು. ಆ ದಿನ ಭಾಷಣ ಬೇಡ; ಬಜೆಟ್ಟಿನ ಸಾರಾಂಶದ ಪುಟವನ್ನು ಎಲ್ಲರ ಕೈಗೂ ಕೊಟ್ಟು ರಾಜಸ್ವ ಕೊರತೆಯನ್ನೂ ವಿತ್ತೀಯ ಕೊರತೆಯನ್ನೂ ಅವರಿಂದಲೇ ಲೆಕ್ಕ ಹಾಕಿಸಲಿ. ಉದ್ಘಾಟನೆ, ದೀಪ ಬೆಳಗುವುದು, ಹಾರ ತುರಾಯಿಗಳಲ್ಲಿ ಅರ್ಧ ದಿನ ಕಳೆಯುವ ತರಬೇತಿಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಕಡೆಯದಾಗಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಲ್ಲಿ ಒಂದು ವಿನಂತಿ. ‘ಎಂದರೇನು?’ ಎಂಬ ಒಂದು ಅಂಕದ ಪ್ರಶ್ನೆಗೆ ವ್ಯಾಖ್ಯೆಯನ್ನು ಇದ್ದಂತೆಯೇ ಬರೆಸುವುದು ಸುರಕ್ಷಿತ ಎಂದು ಶಿಕ್ಷಕರು ಭಾವಿಸುವುದಕ್ಕೆ ಕಾರಣವಿದೆ: ತಮ್ಮ ಮಾತಿನಲ್ಲಿ ಬರೆದ, ಇಲ್ಲವೇ ಪುಸ್ತಕದ ಹಳೆಯ ದರದ ಬದಲು ಜಾರಿಯಲ್ಲಿರುವ ದರವನ್ನು ಬರೆದ ಮಗುವಿನ ಅಂಕ ಹೋದೀತು ಎಂಬ ಭಯ. ತರಗತಿಯಲ್ಲಿ ಹೊಸ ಜಿಎಸ್‌ಟಿ ದರಗಳನ್ನು ವಿವರಿಸಿ, ಅವಧಿ ಮುಗಿಯುವಾಗ ‘ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿ ಇದ್ದಂತೆ ಬರೆಯಿರಿ’ ಎಂದು ಹೇಳುವ ಪರಿಸ್ಥಿತಿ ಇದರಿಂದ ಬಂದಿದೆ. ಪಠ್ಯದಲ್ಲಿರುವ ಉತ್ತರ ಮತ್ತು ಪ್ರಸ್ತುತ ಜಾರಿಯಲ್ಲಿರುವ ಉತ್ತರ ಎರಡಕ್ಕೂ ಪೂರ್ಣ ಅಂಕ ಕೊಡಬೇಕೆಂದು ಮಾದರಿ ಉತ್ತರಗಳಲ್ಲೇ ನಮೂದಿಸಿ, ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಗೆ ಮುನ್ನ ಒಂದು ಸುತ್ತೋಲೆ ಹೊರಡಿಸಿದರೆ, ಕೈಪಿಡಿ ಬರುವ ತನಕವಾದರೂ ಶಿಕ್ಷಕರಿಗೆ ಧೈರ್ಯವಿರುತ್ತದೆ.

ತಮ್ಮ ವಿಶ್ವಾಸಿ,
ಅರ್ಥಶಾಸ್ತ್ರ ಉಪನ್ಯಾಸಕಿ,
ಬೆಂಗಳೂರು